ಹಂಸದ ಅಚ್ಚಿನ ಬೆಣ್ಣೆ

ಹ್ಯಾಲ್ಸ್‌ಬಿ, ಯಾರ್ಕ್‌ಶೈರ್
ಬುಧವಾರ, 7 ಮಾರ್ಚ್ 1894

ಅಮ್ಮಾ,

ಮೊದಲು ಈ ಕಾಗದ ಓದುತ್ತಿರುವ ನಿನ್ನ ಅಳಿಯನಿಗೆ ಒಂದು ಮಾತು. ಸೈಲಸ್, ಸ್ವಲ್ಪ ಗಟ್ಟಿಯಾಗಿ ಓದಪ್ಪ, ಅವಳ ಎಡಗಿವಿ ಮಂದ. ಕೈಲಿರುವ ಕೆಲಸ ಬಿಡಿಸಿ, ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಮುಂದಕ್ಕೆ ಓದು. ಸುದ್ದಿ ಅಂಥದ್ದು.

ನಾನು ಶನಿವಾರ ಇಲ್ಲಿಗೆ ಬಂದೆ. ಜವಳಿ ಅಂಗಡಿಯ ಫೊದರ್‌ಗಿಲ್ ಮನೆಯಲ್ಲೇ ಊಟ, ಮಾಳಿಗೆಯಲ್ಲಿ ಒಂದು ಕೋಣೆ, ಕೋಣೆ ತುಂಬ ಬಿಳಿ ಬಟ್ಟೆ. ಈಸ್ಟರ್ ಕಳೆದ ಮೇಲೆ ಅವರ ಮಗಳ ಮದುವೆ. ಹುಡುಗಿಗೆ ಸೊಂಟ ಇರುವುದಕ್ಕಿಂತ ಸಣ್ಣದಾಗಿ ಕಾಣಬೇಕಂತೆ. “ನಾನು ಹೊಲಿಯೋಳು ಕಣಮ್ಮ, ದೇವರಲ್ಲ” ಅಂದೆ. ಅವರಮ್ಮ ನಗಲಿಲ್ಲ.

ಕಿಟಕಿ ತೆರೆದರೆ ಎದುರಿಗೇ ಸಂತೆ ಚೌಕ, ಅದರ ನಡುವೆ ಕಲ್ಲುಕಂಬಗಳ ಬೆಣ್ಣೆಕಟ್ಟೆ. ಇವತ್ತು ಸಂತೆ. ಇಲ್ಲಿ ಗಂಟೆ ಬಾರಿಸುವ ಮೊದಲು ಯಾರೂ ಮಾರುವಂತಿಲ್ಲ. ಅಚ್ಚು ಒತ್ತದ ಬೆಣ್ಣೆಯನ್ನು ಕಟ್ಟೆಯ ಮೇಲೆ ಇಡುವಂತೆಯೂ ಇಲ್ಲ. ಹಳಸಿದ ಬೆಣ್ಣೆ ಯಾರ ಮನೆಯದೆಂದು ಗೊತ್ತಾಗಬೇಕಲ್ಲ! ಒಬ್ಬಳದು ಗೋಧಿತೆನೆ, ಒಬ್ಬಳದು ಮುಳ್ಳುಹೂ. ನೋಡುತ್ತ ಹೋದವಳು ಸಾಲಿನ ಕೊನೆಯಲ್ಲಿ ನಿಂತುಬಿಟ್ಟೆ. ನಮ್ಮ ಹಂಸ!

ಅಜ್ಜ ಕೆತ್ತಿದ ಹಂಸ, ಅಮ್ಮಾ. ಕತ್ತು ಹಿಂದಕ್ಕೆ ತಿರುಗಿಸಿದ ಹಂಸ ಈ ಸೀಮೆಯಲ್ಲಿ ಬೇರೆ ಯಾರ ಮನೆಯಲ್ಲಿದೆ? ಮೂರು ವರ್ಷದ ಹಿಂದೆ ನಿನ್ನ ಕಿರಿಮಗಳು ಎಸ್ತರ್ ನಿನಗೂ ಗಂಡ ಸೈಲಸ್‌ಗೂ ಒಂದು ಮಾತು ಹೇಳದೆ ಮನೆ ಬಿಟ್ಟಳಲ್ಲ, ಆಗಲೇ ಹಾಲುಮನೆಯಲ್ಲಿ ಅಚ್ಚು ತೂಗುಹಾಕುವ ಗೂಟ ಖಾಲಿಯಾಗಿದ್ದನ್ನು ನಾನು ನೋಡಿದ್ದೆ. ಮಾರುತ್ತಿದ್ದವಳು ಬೆಟ್ಟಿ ಡಿನ್ಸ್‌ಡೇಲ್ ಎಂಬ ದಪ್ಪ ಹೆಂಗಸು. ಇದು ಯಾರ ಅಚ್ಚು ಎಂದು ಕೇಳಿದೆ. “ನೀನು ಬೆಣ್ಣೆ ತಿಂತೀಯೋ ಅಚ್ಚು ತಿಂತೀಯೋ?” ಅಂದಳು.

ಇಷ್ಟು ದಿನ ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಯಿತು ನಮ್ಮ ಪಾಡು. ಸೈಲಸ್, ಚಾಪೆಲ್‌ನಲ್ಲಿ ಮಂಡಿಯೂರಿ ನೀನು ಕಣ್ಣೀರಿಟ್ಟದ್ದು ದೇವರಿಗೆ ಕೇಳಿಸಿದೆ. ನಮ್ಮ ಎಸ್ತರ್ ಬದುಕಿದ್ದಾಳೆ.

ನಿನ್ನ ಹಿರಿಮಗಳು,
ಡಾರ್ಕಸ್

*

ಗಿಲ್‌ಹೆಡ್
ಸೋಮವಾರ, 12 ಮಾರ್ಚ್

(ಅಮ್ಮ ಹೇಳಿದ್ದನ್ನು ಎಂದಿನಂತೆ ಅವರ ಮಾತಿನಲ್ಲೇ ಬರೆಯುತ್ತಿದ್ದೇನೆ. – ಸೈಲಸ್)

ಡಾರ್ಕಸ್, ನಿಂಗೆ ಕಣ್ಣು ಮಂಜಾಗಿದೆ ಕಣೆ. ದೀಪದ ಬೆಳಕಲ್ಲಿ ಬಿಳೀ ಬಟ್ಟೆ ಹೊಲಿದ್ರೆ ಇನ್ನೇನಾಗುತ್ತೆ? ಆ ಅಚ್ಚನ್ನ ನಾನೇ ಒಲೆಗೆ ಹಾಕಿದೆ. ಅವಳು ಹೋದ ಮಾರನೇ ದಿನ ಹಾಕಿದೆ. ಮಗಳೇ ಬೇಡ ಅಂದ್ಮೇಲೆ ಅಚ್ಚು ಯಾಕೆ ನಂಗೆ? ಬೂದೀನ ನಾನೇ ಎತ್ತಿ ಚೆಲ್ಲಿದ್ದೀನಿ. ನೀನು ನೋಡಿದ್ದು ಯಾವುದೋ ಬಾತುಕೋಳಿ ಇರಬೇಕು. ಹೊಲಿಯೋಕೆ ಹೋಗಿದ್ದೀಯ, ಹೊಲ್ಕೊಂಡು ಬಾ. ಸಂತೆಗೆ ಇಳೀಬೇಡ. ಕಂಡೋರನ್ನ ಇದು ಯಾರದು, ಅದು ಯಾರದು ಅಂತ ಕೇಳಬೇಡ.

ಡಾರ್ಕಸ್ ಅಕ್ಕ, ಅಮ್ಮನ ಮಾತಿಗೆ ನೊಂದುಕೊಳ್ಳಬೇಡಿ. ವಯಸ್ಸಾಯಿತು, ನೆನಪು ಹಿಂದುಮುಂದಾಗುತ್ತಿದೆ. ಅಚ್ಚು ಒಲೆಗೆ ಬಿದ್ದದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಹಂಸದ ರೆಕ್ಕೆಯ ತುದಿಯಲ್ಲಿ ಮರದ ಚೂರೊಂದು ಎದ್ದುಹೋಗಿತ್ತು; ಬೆಣ್ಣೆಯ ಮೇಲೆ ಒತ್ತಿದಾಗ ಅಲ್ಲೊಂದು ಸಣ್ಣ ಗುಬುಟು ಏಳುತ್ತಿತ್ತು. ಮುಂದಿನ ಸಂತೆಯಲ್ಲಿ ಅದೊಂದನ್ನು ನೋಡಿ ತಿಳಿಸುತ್ತೀರಾ? ಅವಳು ಎಲ್ಲೋ ಸುಖವಾಗಿದ್ದಾಳೆ ಎಂದು ಗೊತ್ತಾದರೆ ಸಾಕು. ನನಗೆ ಬೇರೇನೂ ಬೇಡ.

ನಿಮ್ಮ ತಮ್ಮನೆಂದೇ ತಿಳಿಯಿರಿ,
ಸೈಲಸ್ ಹಾರ್ಕರ್

*

ಹ್ಯಾಲ್ಸ್‌ಬಿ
ಬುಧವಾರ, 14 ಮಾರ್ಚ್

ಅಮ್ಮಾ,

ಗೆದ್ದೆ ನಾನು! ಬಾತುಕೋಳಿಯಂತೆ, ಬಾತುಕೋಳಿ! ಗುಬುಟು ಇದೆ. ಕನ್ನಡಕ ಹಾಕಿಕೊಂಡು, ಬಗ್ಗಿ, ಮೂಗಿಗೆ ಬೆಣ್ಣೆ ಮೆತ್ತಿಕೊಳ್ಳುವಷ್ಟು ಹತ್ತಿರದಿಂದ ನೋಡಿದೆ. ರೆಕ್ಕೆಯ ತುದಿಯಲ್ಲೇ ಇದೆ.

ನೀನು ಅದನ್ನು ಸುಟ್ಟಿಲ್ಲ. ಯಾಕಮ್ಮ ಹಾಗೆ ಹೇಳಿದೆ? ಚಿಕ್ಕಂದಿನಲ್ಲಿ ಒಂದು ಸುಳ್ಳಿಗೆ ನನ್ನ ಬಾಯಿಗೆ ಸಾಬೂನು ಹಾಕಿ ತೊಳೆದವಳು ನೀನು. ಮಗಳ ಮೇಲಿನ ಸಿಟ್ಟಿಗೆ ಈಗ ನೀನೇ ಸುಳ್ಳು ಹೇಳುವುದೇ? ಮಾಡಿದ್ದು ತಪ್ಪು, ಒಪ್ಪಿದೆ. ಅಂಥ ಗಂಡನನ್ನು ಬಿಟ್ಟು ಹೋಗಬಾರದಿತ್ತು. ಆದರೂ ಹೆತ್ತ ಹೊಟ್ಟೆ ಇಷ್ಟು ಕಲ್ಲಾಗಬಾರದು. ಅವನೇ ಕ್ಷಮಿಸಿ ಕೂತಿದ್ದಾನೆ, ನಿನ್ನದೇನು?

ಸೈಲಸ್, ಇನ್ನಷ್ಟು ತಿಳಿಯಿತು. ಬೆಣ್ಣೆ ಮಾಡುವವಳು ಬೆಟ್ಟಿಯಲ್ಲ. ಅವಳ ಹಾಲುಮನೆಯಲ್ಲಿ ಕೆಲಸಕ್ಕಿರುವ ಒಬ್ಬ ಹೆಂಗಸು. ಗಂಟೆಗೆ ಮೊದಲೇ ಬಂದು ಬುಟ್ಟಿ ಇಳಿಸಿ, ಜನ ಸೇರುವಷ್ಟರಲ್ಲಿ ಹೊರಟುಬಿಡುತ್ತಾಳಂತೆ. ಪಕ್ಕದ ಮೊಟ್ಟೆಯವಳು ಹೇಳಿದಳು. ಮುಂದಿನ ಬುಧವಾರ ಅಷ್ಟು ಹೊತ್ತಿಗೇ ಹೋಗಿ ಕಂಬದ ಮರೆಯಲ್ಲಿ ನಿಲ್ಲುತ್ತೇನೆ. ಕೈಹಿಡಿದು ಮನೆಗೆ ಕರೆತರುವ ಭಾರ ನನ್ನದು.

ಡಾರ್ಕಸ್

*

ಗಿಲ್‌ಹೆಡ್
ಸೋಮವಾರ, 19 ಮಾರ್ಚ್

ಡಾರ್ಕಸ್, ನಂಗೆ ಮೈಯಲ್ಲಿ ಸರಿಯಿಲ್ಲ. ಎದೆ ಹಿಡ್ಕೊಂಡಿದೆ. ಹೊಲಿಗೆ ಹಾಳಾಗಿ ಹೋಗಲಿ, ಈ ಕಾಗದ ಸಿಕ್ಕಿದ್ದೇ ಹೊರಟು ಬಾ. ಬುಧವಾರಕ್ಕೆ ಮೊದಲು ಬಾ. ತಡ ಮಾಡಿದ್ರೆ ನನ್ನ ಮುಖ ನೋಡಲ್ಲ ನೀನು.

ಅಕ್ಕ, ಗಾಬರಿಯಾಗಬೇಡಿ. ಅಮ್ಮನಿಗೆ ಏನೂ ಆಗಿಲ್ಲ. ಬೆಳಿಗ್ಗೆ ಹಸುಗಳನ್ನೆಲ್ಲ ಅವರೇ ಕರೆದರು; ಇದನ್ನು ಬರೆಸುವಾಗ ಕೋಳಿಯ ಪುಕ್ಕ ಕೀಳುತ್ತಿದ್ದರು. ಯಾಕೆ ಹೀಗೆ ಹೇಳುತ್ತಾರೋ ನನಗೆ ತಿಳಿಯದು. ನೀವು ಬರಬೇಡಿ, ಅಲ್ಲೇ ಇರಿ.

ಡಿನ್ಸ್‌ಡೇಲ್ ಮನೆ ಊರಿಂದ ಯಾವ ದಾರಿಯಲ್ಲಿದೆ? ಮನೆಯಲ್ಲಿ ಗಂಡಸರು ಎಷ್ಟು ಜನ? ನಾಯಿ ಕಟ್ಟಿದ್ದಾರಾ? ಅವಳು ಕಂಡರೆ ದಯವಿಟ್ಟು ನನ್ನ ಮಾತೆತ್ತಬೇಡಿ. ಕ್ಷಮಿಸಿದ್ದೇನೆ ಎಂದು ನಾನೇ ಅವಳೆದುರು ನಿಂತು ಹೇಳಬೇಕು. ಅವಳಿಗೆ ಮೊದಲೇ ಗೊತ್ತಾಗುವುದು ನನಗಿಷ್ಟವಿಲ್ಲ.

ಸೈಲಸ್

*

ಹ್ಯಾಲ್ಸ್‌ಬಿ
ಬುಧವಾರ, 21 ಮಾರ್ಚ್

ಅಮ್ಮಾ,

ಈ ಕಾಗದ ಅಂಚೆಗೆ ಹೋಗುವುದಿಲ್ಲ. ಬರೆದು ನನ್ನ ಲಂಗದ ಒಳಪದರಕ್ಕೆ ಹೊಲಿದುಬಿಡುತ್ತೇನೆ. ನಿನಗೆ ಓದಲು ಬಂದಿದ್ದರೆ ಎಂದು ಇವತ್ತು ಹಲ್ಲು ಕಚ್ಚಿಕೊಂಡು ಅತ್ತೆ. ನಿನಗೆ ಬರೆದದ್ದೆಲ್ಲ ಮೊದಲು ಅವನ ಕಣ್ಣಿಗೆ ಬೀಳುತ್ತದೆ. ಇಷ್ಟು ವರ್ಷ ಅದು ನನಗೆ ಹೊಳೆಯಲೇ ಇಲ್ಲ.

ಎಸ್ತರ್ ಸಿಕ್ಕಳು. ಬುಟ್ಟಿ ಇಳಿಸಿ ತಿರುಗಿದಾಗ ಎದುರಿಗೆ ನಿಂತೆ. ಅವಳು ನನ್ನ ಮುಖ ನೋಡಲಿಲ್ಲ, ಅಮ್ಮಾ. ಮೊದಲು ನನ್ನ ಬೆನ್ನ ಹಿಂದೆ ನೋಡಿದಳು, ಜೊತೆಗೆ ಯಾರು ಬಂದಿದ್ದಾರೆ ಅಂತ.

ಕೈ ಹಿಡಿದುಕೊಂಡೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಬಾಗಿಲಿಗೆ ಸಿಕ್ಕಿತಾ ಎಂದು ಕೇಳಿದೆ.

“ಬಾಗಿಲ ಸಂದೀಲಿ ಹಿಡಿದು ಬಾಗಿಲು ಹಾಕಿದ, ಅಕ್ಕ.”

“ಯಾಕೆ?”

“ಗಂಜಿಗೆ ಉಪ್ಪು ಜಾಸ್ತಿಯಾಗಿತ್ತು.”

ಇಷ್ಟನ್ನೇ ಹೇಳಿದಳು, ಹವೆಯ ಮಾತಾಡಿದ ಹಾಗೆ. ಉಳಿದದ್ದನ್ನು ಬೆಟ್ಟಿ ಹೇಳಿದಳು. ಮೊದಲನೆಯ ಬಸಿರು ಅವನ ಬೂಟಿನ ಕೆಳಗೆ ಹೋಯಿತಂತೆ. ಎರಡನೆಯದು ನಿಂತಿದೆ ಎಂದು ನಿನಗೆ ಅನುಮಾನ ಬಂದ ವಾರವೇ ಅವಳನ್ನು ಪಾತ್ರೆ ಮಾರುವವನ ಗಾಡಿಗೆ ಹತ್ತಿಸಿದವಳು ನೀನು. ಗೂಟದಿಂದ ಅಚ್ಚನ್ನು ತೆಗೆದು ಅವಳ ಮಡಿಲಿಗೆ ಹಾಕಿದವಳೂ ನೀನೇ. ಆಮೇಲೆ ಒಳಗೆ ಬಂದು ಅವನಿಗೆ ತಿಂಡಿ ಕೊಟ್ಟೆ. ಮೂರು ವರ್ಷದಿಂದ ಕೊಡುತ್ತಿದ್ದೀಯ.

ಬೇರೆ ಅಚ್ಚು ಕೊಳ್ಳಬಾರದಿತ್ತಾ ಹುಚ್ಚಿ ಎಂದು ಬೈದೆ. “ಕೊಂಡ್ಕೋಬಹುದಿತ್ತು. ಅದನ್ನ ಒತ್ತುವಾಗ ಮಾತ್ರ ನಾನು ಯಾರ ಮಗಳು ಅಂತ ನೆನಪಾಗುತ್ತೆ” ಅಂದಳು.

ನಿನಗೊಬ್ಬಳು ಮೊಮ್ಮಗಳಿದ್ದಾಳೆ. ಕೆಂಪು ಕೂದಲು, ನಿನ್ನದೇ ಹೆಸರು, ಮಾರ್ಜರಿ. ಈಗ ದಡಾರ ಎದ್ದು ಮೈ ಕೆಂಡವಾಗಿದೆ. ಚಳಿಯಲ್ಲಿ ಅವಳನ್ನು ಎಲ್ಲಿಗೂ ಎತ್ತಿಕೊಂಡು ಹೋಗುವ ಹಾಗಿಲ್ಲ, ಉಸಿರು ನಿಂತೀತು ಎಂದು ಡಾಕ್ಟರು ಹೇಳಿದ್ದಾರೆ. ಮಗು ಹುಟ್ಟಿದ್ದು ಸೈಲಸ್‌ಗೆ ತಿಳಿಯದು. ತಿಳಿದರೆ ಕಾನೂನು ಅವನ ಕಡೆಗಿದೆ. ತಂದೆ ಬಂದು ನನ್ನ ಮಗು ಕೊಡಿ ಅಂದರೆ ಪೊಲೀಸಿನವನೇ ಬಾಗಿಲು ತೆಗೆಸಿಕೊಡುತ್ತಾನೆ.

ಚಾಪೆಲ್‌ನಲ್ಲಿ ಅವನ ಕಣ್ಣೀರು ಕಂಡು ಕರಗಿದವಳು ನಾನು. ಗೋಮುಖ ವ್ಯಾಘ್ರ! ನೀನು ಕಟ್ಟಿದ ಸುಳ್ಳನ್ನು ನನ್ನ ಕೈಯಾರೆ ಒಂದೊಂದೇ ದಾರ ಬಿಚ್ಚಿ ಅವನ ಕೈಗೆ ಕೊಟ್ಟೆನಲ್ಲ. ಬರಬೇಡ ಅಂದೆ, ಕೇಳಬೇಡ ಅಂದೆ, ಸಾಯುತ್ತೇನೆ ಅಂತಲೂ ಅಂದೆ. ಅರ್ಥವಾಗಲಿಲ್ಲ ನನಗೆ. ನನ್ನ ಸತ್ಯಕ್ಕಿಷ್ಟು ಬೆಂಕಿ ಬೀಳ.

*

ಹ್ಯಾಲ್ಸ್‌ಬಿ
ಗುರುವಾರ, 22 ಮಾರ್ಚ್

ಅಮ್ಮಾ,

ನಿನ್ನ ಆರೋಗ್ಯ ಹೇಗಿದೆ? ನೀನು ಹೇಳಿದ್ದೇ ಸರಿ, ನನ್ನ ಕಣ್ಣು ಮಂಜಾಗಿದೆ. ನಿನ್ನೆ ಹೋಗಿ ನೋಡಿದೆ. ಬೆಣ್ಣೆ ಮಾಡುವವಳು ಬೆಟ್ಟಿಯ ತಂಗಿಯಂತೆ, ಮುದುಕಿ, ಒಂದು ಹಲ್ಲೂ ಇಲ್ಲ. ಅಚ್ಚು ಅವರ ಮನೆಯದೇ. ಗುಬುಟು ಎಂದು ನಾನು ತಿಳಿದದ್ದು ಉಪ್ಪಿನ ಹರಳು. ಸುಮ್ಮನೆ ಸೈಲಸ್‌ಗೆ ಆಸೆ ಹುಟ್ಟಿಸಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವನಿಗೆ ಹೇಳು.

ಬೆಟ್ಟಿಯ ಜೊತೆ ಹಸುಗಳ ಮಾತು ಬಂತು. ಅಪ್ಪನ ಕಾಲದಲ್ಲಿ ನಮ್ಮಲ್ಲೊಂದು ಚುಕ್ಕೆ ಕಡಸು ಇತ್ತಲ್ಲ, ಕೊಟ್ಟಿಗೆಯಲ್ಲಿ ಆ ಕಚ್ಚುವ ನಾಯಿ ಇದ್ದಷ್ಟು ದಿನ ನಡುಗುತ್ತ ನಿಲ್ಲುತ್ತಿತ್ತು. ನೀನು ಅದನ್ನು ಗುಡ್ಡ ದಾಟಿಸಿ ಯಾರಿಗೋ ಕೊಟ್ಟು, ತಪ್ಪಿಸಿಕೊಂಡು ಹೋಯಿತು ಎಂದು ಅಪ್ಪನಿಗೆ ಹೇಳಿದೆ. ಆ ಸುಳ್ಳಿಗೆ ನಾನು ನಿನ್ನ ಮೇಲೆ ಮುನಿಸಿಕೊಂಡಿದ್ದೆ. ಆ ಕಡಸು ಬಂದು ಸೇರಿದ್ದು ಈ ಬೆಟ್ಟಿಯ ಕೊಟ್ಟಿಗೆಗೇ. ಇಲ್ಲಿ ಚೆನ್ನಾಗಿ ಮೇಯುತ್ತಿತ್ತಂತೆ. ನೀನು ಮಾಡಿದ್ದು ಸರಿ, ಅಮ್ಮಾ. ಅಷ್ಟು ಹೇಳಬೇಕು ಅನ್ನಿಸಿತು.

ಡಾರ್ಕಸ್

*

ಗಿಲ್‌ಹೆಡ್
ಈಸ್ಟರ್ ಸೋಮವಾರ, 26 ಮಾರ್ಚ್

ಡಾರ್ಕಸ್, ಎದೆನೋವು ಕಮ್ಮಿಯಾಯ್ತು. ಚುಕ್ಕೆ ಕಡಸು ನಂಗೆ ಚೆನ್ನಾಗಿ ನೆನಪಿದೆ. ಮರೆಯೋಕೆ ಆಗುತ್ತಾ? ಹೋಗುವಾಗ ಅದು ಗಬ್ಬ ಅಂತ ನಂಗೊಂದು ಅನುಮಾನ ಇತ್ತು. ಆಮೇಲೆ ಕರು ಹಾಕ್ತಾ? ಹೋರಿನೋ ಹೆಣ್ಣೋ? ಬದುಕಿತಾ? ಬೆಟ್ಟಿನ ಕೇಳಿ ಬರಿ. ಬೇಗ ಬರಿ.

ಅಕ್ಕ, ನಾನು ಕೇಳಿದ ಒಂದಕ್ಕೂ ಉತ್ತರವಿಲ್ಲ. ಗುಬುಟು ಇದೆ ಎಂದು ಕುಣಿದವರು ಒಂದೇ ವಾರದಲ್ಲಿ ಉಪ್ಪಿನ ಹರಳು ಎನ್ನುತ್ತೀರಿ. ಕೆಲಸದ ಹೆಂಗಸು ಈಗ ತಂಗಿಯಾದಳು, ಮುದುಕಿಯೂ ಆದಳು. ನಾನು ತಾಳ್ಮೆಯವನು, ಆದರೆ ದಡ್ಡನಲ್ಲ.

ಏಪ್ರಿಲ್ ನಾಲ್ಕರ ಸಂತೆಗೆ ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಬೆಣ್ಣೆಯನ್ನು ನಾಲಿಗೆಗಿಟ್ಟು ಇಂಥ ಮನೆಯದು, ಇಂಥವಳ ಕೈಯದು ಎಂದು ಹೇಳಬಲ್ಲವರು ಈ ಕಣಿವೆಯಲ್ಲಿ ಅವರೊಬ್ಬರೇ. ಬೈಬಲ್ ತರುತ್ತೇನೆ. ಅದರ ಮೇಲೆ ಕೈಯಿಟ್ಟು ಹೇಳಲಿ. ನರಕಕ್ಕೆ ಹೆದರುವ ಜೀವ, ಅಲ್ಲಿ ಅವರು ಸುಳ್ಳಾಡುವುದಿಲ್ಲ. ಎಸ್ತರ್ ಮಾಡಿದ ಬೆಣ್ಣೆ ಎಂದರೆ ಡಿನ್ಸ್‌ಡೇಲ್ ಮನೆಯ ಬಾಗಿಲು ನಾನು ತೆಗೆಸುತ್ತೇನೆ.

ಸೈಲಸ್ ಹಾರ್ಕರ್

*

ಹ್ಯಾಲ್ಸ್‌ಬಿ
ಗುರುವಾರ, 29 ಮಾರ್ಚ್

ಅಮ್ಮಾ,

ಬೆಟ್ಟಿಯನ್ನು ಕೇಳಿದೆ. ಕರು ಹಾಕಿತಂತೆ. ಹೆಣ್ಣುಗರು. ಕೆಂಪು. ನಡುವೆ ಒಂದು ಸಲ ಮೈ ಬಿಸಿಯಾಗಿ ಮೇಲೇಳದೆ ಮಲಗಿತ್ತಂತೆ, ಆದರೆ ಬದುಕಿತು. ಆಮೇಲೂ ಎಷ್ಟೋ ದಿನ ಚಳಿಗೆ ಕೊಟ್ಟಿಗೆಯಿಂದ ಹೊರಗೆ ತರುವ ಹಾಗಿರಲಿಲ್ಲವಂತೆ. ತಾಯಿಯನ್ನು ಬಿಟ್ಟು ಒಂದು ಹೆಜ್ಜೆ ಆಚೆ ಹೋಗುವುದಿಲ್ಲವಂತೆ.

ಬುಧವಾರ ಬನ್ನಿ, ಸೈಲಸ್. ನನಗೆ ಮಾತ್ರ ಚೌಕಕ್ಕೆ ಇಳಿಯಲು ಆಗದು. ಮದುವೆಯ ಉಡುಪು ಅವತ್ತು ಸಂಜೆಗೆ ಕೊಡಬೇಕು. ಅಮ್ಮಾ, ಸ್ಟೇಷನ್ನಿನಿಂದ ಬರುವ ದಾರಿಯಲ್ಲಿ ಚಳಿಗಾಳಿ ಬೀಸುತ್ತದೆ, ಶಾಲು ಹೊದ್ದುಕೋ. ಮೊದಲ ಸಲ ನಿನ್ನ ಮಾತು ಕೇಳದೆ ಎಡವಿದೆ. ಈ ಸಲ ನೀನು ಏನು ಹೇಳುತ್ತೀಯೋ ಅದೇ ನನಗೆ ಸತ್ಯ.

ಡಾರ್ಕಸ್

*

ಗಿಲ್‌ಹೆಡ್
ಸೋಮವಾರ, 9 ಏಪ್ರಿಲ್

ಡಾರ್ಕಸ್, ನೀನಿರೋ ಊರಿನ ಸಂತೆ ನೋಡಿದೆ. ದೊಡ್ಡದು. ಆ ಬೆಟ್ಟಿ ಬಾಯಿ ಇದೆಯಲ್ಲ, ಗಂಟೆ ಬಾರಿಸೋನೇ ಬೇಡ ಅಲ್ಲಿಗೆ. ಹಂಸದ ರೆಕ್ಕೆ ಗುಬುಟಾಗಿತ್ತು, ನಾನೂ ಕಂಡೆ. ಇದ್ಯಾಕೆ ಹೀಗಾಯ್ತು ಅಂತ ಸೈಲಸ್ ಕೇಳಿದ. “ನನ್ನ ಗಂಡ ಅದರಲ್ಲಿ ಬೆಕ್ಕಿಗೆ ಹೊಡೆದ. ಬೆಕ್ಕು ಸತ್ತಿಲ್ಲ, ಗಂಡ ಸತ್ತ. ಇನ್ನೇನಾದ್ರೂ ಬೇಕಾ?” ಅಂದ್ಲು. ಸುತ್ತಲಿದ್ದೋರು ನಕ್ಕರು. ಸೈಲಸ್ ನಗಲಿಲ್ಲ. ಚೀಲದಿಂದ ಬೈಬಲ್ ತೆಗೆದು ಕಟ್ಟೆ ಮೇಲಿಟ್ಟ. ನನ್ನ ಕೈ ಹಿಡಿದು ಅದರ ಮೇಲೆ ಇಟ್ಟ. ಜನ ಸೇರ್ಕೊಂಡ್ರು.

ಆ ಬೆಣ್ಣೆ ಒಂದಿಷ್ಟು ನಾಲಿಗೆ ಮೇಲೆ ಇಟ್ಕೊಂಡೆ. ಬೇಗ ಹೇಳಿ, ಬೇಗ ಹೇಳಿ ಅಂತಾನೆ. ಕರಗೋಕೆ ಹೊತ್ತು ಬೇಡ್ವಾ? ಚೆನ್ನಾಗಿ ತೊಳೆದಿದ್ರು, ಒಂದು ಹನಿ ಮಜ್ಜಿಗೆ ಉಳಿದಿರಲಿಲ್ಲ. ಒಂದೇ ಕೈ ಬಳಸಿ ಮಿದ್ದಿರೋ ಬೆಣ್ಣೆ. ಉಪ್ಪು ತೀರಾ ಕಮ್ಮಿ, ಹಾಕೋಕೆ ಹೆದರಿಕೊಂಡ ಹಾಗಿತ್ತು.

ಆಮೇಲೆ ಹೇಳಿದೆ. ಇದು ನನ್ನ ಮಗಳ ಕೈಯಲ್ಲ. ನನ್ನ ಮನೆ ಬೆಣ್ಣೆಯಲ್ಲ. ಆ ಮಗಳು ನನ್ನ ಪಾಲಿಗೆ ಸತ್ತಳು ಅಂತ ಬೈಬಲ್ ಮೇಲೆ ಕೈಯಿಟ್ಟು ಅಷ್ಟು ಜನದ ಮುಂದೆ ಹೇಳಿದೆ. ಬರೆದ್ಯಾ ಸೈಲಸ್? ಒಂದಕ್ಷರ ಬಿಡದೆ ಬರಿ. ದೇವರಿಗೆ ಲೆಕ್ಕ ಒಪ್ಪಿಸೋಳು ನಾನು.

ಇನ್ಮೇಲೆ ಆ ಊರಿನ ಬೆಣ್ಣೆ ವಿಷಯ ನಂಗೆ ಬರೀಬೇಡ ಡಾರ್ಕಸ್. ಕಡಸು, ಕರು, ಯಾವುದೂ ಬೇಡ. ಯಾವತ್ತಾದ್ರೂ ನಾನೇ ಕೇಳಿದ್ರೂ ಬರೀಬೇಡ.

ಡಾರ್ಕಸ್ ಅಕ್ಕ, ನಾನೇ ತಪ್ಪು ತಿಳಿದೆ. ನಿಮ್ಮ ಮೇಲೆ ಅನುಮಾನಪಟ್ಟದ್ದಕ್ಕೆ ಕ್ಷಮೆ ಇರಲಿ. ಬೈಬಲ್ ಮುಟ್ಟಿ ಅಮ್ಮ ಹೇಳಿದ ಮೇಲೆ ಎರಡನೇ ಮಾತಿಲ್ಲ. ಉತ್ತರಕ್ಕೆ, ಸ್ಕಾಟ್ಲೆಂಡಿನ ಗಡಿಯ ಹತ್ತಿರ ಅವಳಂಥ ಹೆಂಗಸನ್ನು ಕಂಡವರಿದ್ದಾರಂತೆ. ಕುರಿಮರಿಗಳ ಕೆಲಸ ಮುಗಿದ ಮೇಲೆ ಆ ಕಡೆ ಹೋಗುತ್ತೇನೆ.

ಅಮ್ಮನದೇ ಚಿಂತೆಯಾಗಿದೆ. ನಿನ್ನೆ ಭಾನುವಾರ, ಚಾಪೆಲ್‌ಗೆ ಬರಲು ಒಪ್ಪಲಿಲ್ಲ. ನನ್ನಂಥವಳಿಗೆ ಅಲ್ಲಿ ಏನು ಕೆಲಸ ಎಂದರು. ನಾನು ತಿಳಿದಂತೆ ಅವರು ಒಂದು ಭಾನುವಾರವೂ ತಪ್ಪಿಸಿದವರಲ್ಲ. ಆ ಸಂತೆಯಲ್ಲಿ ಒಂದು ಪೌಂಡು ಬೆಣ್ಣೆ ಬೇರೆ ಕೊಂಡು ತಂದಿದ್ದಾರೆ, ನಮ್ಮ ಹಾಲುಮನೆಯಲ್ಲಿ ನಮ್ಮದೇ ಬೇಕಾದಷ್ಟಿದ್ದರೂ. ರೊಟ್ಟಿಗೆ ಒಂದು ಚೂರು ಕೇಳಿದೆ, ಕೊಡಲಿಲ್ಲ. ಪ್ರಾರ್ಥನೆ ಮುಗಿಸಿ ಮನೆಗೆ ಬಂದಾಗ ಒಲೆಯ ಮುಂದೆ ಕೂತು, ರೊಟ್ಟಿಯೂ ಇಲ್ಲದೆ, ಅದನ್ನು ಬೆರಳಿನಲ್ಲಿ ತೆಗೆದು ತೆಗೆದು ತಿನ್ನುತ್ತಿದ್ದರು. ನಾನು ಕರೆದದ್ದು ಅವರಿಗೆ ಕೇಳಿಸಲಿಲ್ಲ.

ಸೈಲಸ್